ಚಕ್ರದ ನಡುವಿನ ಉಕ್ಕಿನ ಗುಂಡುಗಳು

ಸೈಕಲ್ಲಿನ ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ತಿರುಗಿಸಿ ನೋಡಿ. ಚಕ್ರ ಸುತ್ತುತ್ತದೆ, ಅಚ್ಚು ಮಾತ್ರ ಅಲುಗದು. ಇವೆರಡರ ನಡುವೆ ಉಕ್ಕಿನ ಗುಂಡುಗಳಿವೆ. ಜಾರುವುದಕ್ಕಿಂತ ಉರುಳುವಾಗ ಘರ್ಷಣೆ ಬಹಳ ಕಡಿಮೆ. ಪುಸ್ತಕದ ಕೆಳಗೆ ಗೋಲಿಗಳನ್ನಿಟ್ಟು ತಳ್ಳಿದರೆ ಇದು ನಿಮಗೇ ತಿಳಿಯುತ್ತದೆ.

ಸಾಮಾನ್ಯ ಸೈಕಲ್ಲುಗಳಲ್ಲಿ ಈ ಗುಂಡುಗಳು ಬಿಡಿಬಿಡಿಯಾಗಿ ಗ್ರೀಸಿನಲ್ಲಿ ಕೂತಿರುತ್ತವೆ. ಅವನ್ನು ತೊಳೆದು, ಹೊಸ ಗ್ರೀಸ್ ತುಂಬಿ ಮತ್ತೆ ಜೋಡಿಸಬಹುದು. ಗೇರ್ ಇರುವ ಕೆಲವು ಸೈಕಲ್ಲುಗಳ ಹಬ್‌ನಲ್ಲಿ ಕಾರ್ಟ್ರಿಡ್ಜ್ ಬೇರಿಂಗ್ ಇರುತ್ತದೆ. ಒಂದು ಒಳಬಳೆ, ಒಂದು ಹೊರಬಳೆ, ನಡುವೆ ಗುಂಡುಗಳು, ಎರಡೂ ಬದಿಗೆ ಮುಚ್ಚಳ. ಇದು ಸವೆದರೆ ಇಡಿಯಾಗಿ ಬದಲಿಸುತ್ತಾರೆ. ಹೊಸದನ್ನು ತರಲು ಅದರ ಮೇಲಿನ ಸಂಖ್ಯೆ ಸಾಕು. 6001 ಎಂದಿದ್ದರೆ ಒಳವ್ಯಾಸ 12, ಹೊರವ್ಯಾಸ 28, ಅಗಲ 8 ಮಿ.ಮೀ. ಯಾವ ಕಂಪನಿಯದಾದರೂ ಅಳತೆ ಇದೇ. ಎಷ್ಟು ಅನುಕೂಲ ನೋಡಿ!

ಹಳೆಯದನ್ನು ತೆಗೆಯುವಾಗ ಒಳಬಳೆಗೆ ಹೊಡೆದರೂ ಚಿಂತೆಯಿಲ್ಲ, ಅದು ಹೇಗೂ ಗುಜರಿಗೆ ಹೋಗುವಂಥದು. ಹೊಸದಕ್ಕೆ ಮಾತ್ರ ಹಾಗೆ ಹೊಡೆಯಬಾರದು. ಏಕೆ ಗೊತ್ತೆ? ಹಬ್‌ನ ಗೂಡಿನಲ್ಲಿ ಬಿಗಿಯಾಗಿ ಕೂರಬೇಕಾದದ್ದು ಹೊರಬಳೆ. ಒಳಬಳೆಗೆ ಏಟು ಬಿದ್ದರೆ ಆ ಬಲವೆಲ್ಲ ಗುಂಡುಗಳ ಮೂಲಕವೇ ಹೊರಬಳೆಗೆ ಹೋಗಬೇಕು. ಗುಂಡು ಬಳೆಯನ್ನು ಮುಟ್ಟುವುದೋ ಚುಕ್ಕಿಯಷ್ಟು ಜಾಗದಲ್ಲಿ. ಅಲ್ಲಿ ಒತ್ತಡ ವಿಪರೀತವಾಗಿ, ಗುಂಡು ಉರುಳುವ ಹಾದಿಯಲ್ಲಿ ಸಣ್ಣ ಕುಳಿ ಬೀಳುತ್ತದೆ. ಆಮೇಲೆ ಹೊಸ ಬೇರಿಂಗೂ ಕರಕರ ಎನ್ನುತ್ತದೆ.

ಆದ್ದರಿಂದ ತಿಳಿದ ಮೆಕ್ಯಾನಿಕ್ ಹೊರಬಳೆಯನ್ನಷ್ಟೇ ಮುಟ್ಟುವ ಕೊಳವೆಯ ತುಂಡು ಇಟ್ಟು, ಬೋಲ್ಟು ನಟ್ಟಿನಿಂದ ನಿಧಾನವಾಗಿ ಒತ್ತುತ್ತಾನೆ. ಬಳಿಕ ಒಳಬಳೆಗೆ ಬೆರಳ ತುದಿ ಇಟ್ಟು ತಿರುಗಿಸಿ ನೋಡುತ್ತಾನೆ. ಅದು ಎಲ್ಲೂ ತಡೆಯದೆ, ಸದ್ದಿಲ್ಲದೆ ತಿರುಗಬೇಕು.