‘ಸ್ಟಾರ್‌ಬೋರ್ಡ್’: ಒಂದು ನೌಕಾಪದದ ಅರ್ಥ ಮತ್ತು ನಿಷ್ಪತ್ತಿ

ಹಡಗಿನ ಮುಂಭಾಗದತ್ತ ಮುಖ ಮಾಡಿ ನಿಂತವನ ಬಲಪಾರ್ಶ್ವವನ್ನು ಇಂಗ್ಲಿಷಿನಲ್ಲಿ ‘ಸ್ಟಾರ್‌ಬೋರ್ಡ್’ ಎನ್ನುತ್ತಾರೆ. ಎಡ, ಬಲ ಎಂಬ ಪದಗಳು ನಿಂತವನ ಮುಖ ತಿರುಗಿದಂತೆ ತಿರುಗುತ್ತವೆ. ಹಡಗಿನ ಪಾರ್ಶ್ವಗಳು ತಿರುಗುವುದಿಲ್ಲ. ಆದ್ದರಿಂದ ನಾವಿಕರಿಗೆ ವ್ಯಕ್ತಿಯನ್ನು ಅವಲಂಬಿಸದೆ ಹಡಗನ್ನೇ ಆಧರಿಸಿದ ದಿಕ್ಸೂಚಕ ಪದಗಳು ಬೇಕಾದವು. ಈ ಪದದ ಇಂದಿನ ರೂಪವನ್ನು ನೋಡಿದವರಿಗೆ ಅದರಲ್ಲಿ ನಕ್ಷತ್ರವಾಚಿಯಾದ ‘ಸ್ಟಾರ್’ ಇದೆಯೆಂದು ತೋರುವುದು ಸಹಜ. ನಕ್ಷತ್ರಗಳನ್ನು ನೋಡಿ ಹಡಗು ನಡೆಸುತ್ತಿದ್ದುದೂ ನಿಜವಾದ್ದರಿಂದ ಈ ಊಹೆಗೆ ಸಮರ್ಥನೆ ದೊರೆತಂತೆಯೂ ಆಗುತ್ತದೆ. ಆದರೆ ಪದದ ಇತಿಹಾಸ ಬೇರೆಯೇ ಇದೆ.

ಹಳೆಯ ಇಂಗ್ಲಿಷಿನಲ್ಲಿ ಈ ಪದದ ರೂಪ ‘ಸ್ಟೇಯೊರ್‌ಬೋರ್ಡ್’. ‘ಸ್ಟೇಯೊರ್’ ಎಂದರೆ ಚುಕ್ಕಾಣಿ. ಇಂದಿನ ‘ಸ್ಟಿಯರ್’ ಎಂಬ ಕ್ರಿಯಾಪದ ಇದೇ ಮೂಲಕ್ಕೆ ಸೇರಿದೆ. ‘ಬೋರ್ಡ್’ ಎಂದರೆ ಹಲಗೆ, ಹಡಗಿನ ಪಾರ್ಶ್ವ. ಹೀಗೆ ಸಮಸ್ತ ಪದದ ಅರ್ಥ ‘ಚುಕ್ಕಾಣಿಯಿರುವ ಪಾರ್ಶ್ವ’ ಎಂದಾಗುತ್ತದೆ. ಆ ಕಾಲದ ಉತ್ತರ ಯುರೋಪಿನ ಹಡಗುಗಳಿಗೆ ಹಿಂಬದಿಯ ನಡುವೆ ಚುಕ್ಕಾಣಿ ಇರಲಿಲ್ಲ. ಅಗಲವಾದ ಹುಟ್ಟಿನಂಥ ಸಾಧನವನ್ನು ಹಿಂಭಾಗದ ಬಲಬದಿಗೆ ಕಟ್ಟುತ್ತಿದ್ದರು. ನಾರ್ವೆಯಲ್ಲಿ 1880ರಲ್ಲಿ ಉತ್ಖನನಗೊಂಡ, 9ನೆಯ ಶತಮಾನದ ಗೋಕ್‌ಸ್ಟಾಡ್ ಹಡಗು ಇದಕ್ಕೆ ಪ್ರತ್ಯಕ್ಷ ಸಾಕ್ಷಿ. ಬಹುಪಾಲು ಜನರು ಬಲಗೈಯವರಾದುದೇ ಈ ವ್ಯವಸ್ಥೆಗೆ ಕಾರಣವೆಂದು ಸಾಮಾನ್ಯವಾಗಿ ವಿವರಿಸಲಾಗುತ್ತದೆ.

ಎಡಪಾರ್ಶ್ವದ ಹೆಸರು ಮಾತ್ರ ಹೀಗೆ ಸ್ಥಿರವಾಗಿ ಉಳಿಯಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು ‘ಬ್ಯಾಕ್‌ಬೋರ್ಡ್’. ಬಲಬದಿಯ ಚುಕ್ಕಾಣಿ ಹಿಡಿದವನ ಬೆನ್ನಿನ ಕಡೆಯ ಪಾರ್ಶ್ವ. ದೊರೆ ಆಲ್ಫ್ರೆಡ್‌ನ ಕಾಲದಲ್ಲಿ ಇಂಗ್ಲಿಷಿಗೆ ಬಂದ ಓರೋಸಿಯಸ್‌ನ ಚರಿತ್ರೆಯಲ್ಲಿ ಓಹ್ತೆರೆ ಎಂಬ ನಾರ್ವೆಯ ನಾವಿಕನ ಯಾನದ ವರ್ಣನೆ ಸೇರಿದೆ. ಅವನು ಉತ್ತರಕ್ಕೆ ಸಾಗುವಾಗ ನಿರ್ಜನವಾದ ನೆಲ ಒಂದು ಪಾರ್ಶ್ವಕ್ಕೂ ತೆರೆದ ಕಡಲು ಇನ್ನೊಂದು ಪಾರ್ಶ್ವಕ್ಕೂ ಇದ್ದವೆಂದು ಹೇಳುವಲ್ಲಿ ಈ ಎರಡೂ ಪದಗಳು ಜೊತೆಯಾಗಿ ಬಳಕೆಯಾಗಿವೆ. ಜರ್ಮನ್, ಡಚ್ ಮತ್ತು ಫ್ರೆಂಚ್ ಭಾಷೆಗಳು ಈ ಎಡಬದಿಯ ಪದದ ಸಗೋತ್ರ ರೂಪಗಳನ್ನು ಇಂದಿಗೂ ಉಳಿಸಿಕೊಂಡಿವೆ. ಇಂಗ್ಲಿಷ್ ಅದನ್ನು ಕಳೆದುಕೊಂಡಿತು.

ಅದರ ಸ್ಥಾನಕ್ಕೆ 14ನೆಯ ಶತಮಾನದ ವೇಳೆಗೆ ‘ಲಾಡೆಬೋರ್ಡ್’ ಬಂದಿತು. ಚುಕ್ಕಾಣಿಗೆ ಪೆಟ್ಟಾಗದಂತೆ ಎಡಬದಿಯನ್ನು ದಡಕ್ಕೆ ತಾಗಿಸಿ ಸರಕು ತುಂಬುತ್ತಿದ್ದುದರಿಂದ ‘ಸರಕು ಹೇರುವ ಪಾರ್ಶ್ವ’ ಎಂಬ ಅರ್ಥದಲ್ಲಿ ಈ ಪದ ಹುಟ್ಟಿರಬೇಕೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ಮುಂದೆ ‘ಸ್ಟಾರ್‌ಬೋರ್ಡ್’ ಪದದ ಸಾದೃಶ್ಯದಿಂದ ಇದು ‘ಲಾರ್‌ಬೋರ್ಡ್’ ಆಯಿತು. ಇಲ್ಲಿ ಸಾದೃಶ್ಯವು ಭಾಷೆಗೆ ಅಂದ ತಂದರೂ ಬಳಕೆಗೆ ಅಪಾಯ ತಂದಿತು. ಬಿರುಗಾಳಿಯಲ್ಲಿ ಕೂಗಿ ಹೇಳುವ ಆಜ್ಞೆಯಲ್ಲಿ ಪರಸ್ಪರ ವಿರುದ್ಧಾರ್ಥದ ಎರಡು ಪದಗಳು ಬಹುತೇಕ ಒಂದೇ ಆಗಿ ಕೇಳಿದರೆ ಹಡಗೇ ಒಡೆಯಬಹುದು. ಆದ್ದರಿಂದ ಆಗಲೇ ರೂಢಿಯಲ್ಲಿದ್ದ ‘ಪೋರ್ಟ್’ ಎಂಬ ಪದವನ್ನು ಬ್ರಿಟಿಷ್ ನೌಕಾಪಡೆ 1844ರಲ್ಲಿಯೂ ಅಮೆರಿಕದ ನೌಕಾಪಡೆ 1846ರಲ್ಲಿಯೂ ಅಧಿಕೃತಗೊಳಿಸಿದವು. ಧ್ವನಿಸಾಮ್ಯದ ಕಾರಣದಿಂದ ಪದವೊಂದು ಆಡಳಿತದ ಆಜ್ಞೆಯ ಮೂಲಕ ಬಳಕೆಯಿಂದ ಮರೆಯಾದ ಅಪರೂಪದ ನಿದರ್ಶನವಿದು.

ಮಧ್ಯಯುಗದಲ್ಲಿ ಚುಕ್ಕಾಣಿ ಹಡಗಿನ ಹಿಂಬದಿಯ ನಡುವಿಗೆ ಸರಿಯಿತು. ವಸ್ತು ಸ್ಥಳಾಂತರಗೊಂಡರೂ ಪದ ಬಲಬದಿಯಲ್ಲಿಯೇ ಉಳಿಯಿತು. ಅಷ್ಟೇ ಅಲ್ಲ, ಚುಕ್ಕಾಣಿಯ ಹಿಡಿಯನ್ನು ಬಲಕ್ಕೆ ತಳ್ಳಿದರೆ ಹಡಗಿನ ಮೂತಿ ಎಡಕ್ಕೆ ಹೊರಳುತ್ತದೆ. ಹಳೆಯ ಆಜ್ಞೆಗಳು ಹಿಡಿಯನ್ನು ಕುರಿತವಾದ್ದರಿಂದ, ‘ಸ್ಟಾರ್‌ಬೋರ್ಡ್’ ಎಂಬ ಆಜ್ಞೆಗೆ ಹಡಗು ಎಡಕ್ಕೆ ತಿರುಗುತ್ತಿತ್ತು. 1912ರಲ್ಲಿ ಟೈಟಾನಿಕ್ ಹಡಗಿನಲ್ಲಿ ಹಿಮಬಂಡೆಯನ್ನು ಕಂಡಾಗ ಕೊಟ್ಟ ‘ಹಾರ್ಡ್ ಎ ಸ್ಟಾರ್‌ಬೋರ್ಡ್’ ಎಂಬ ಆಜ್ಞೆ ಇಂಥದು. ಹಡಗು ಹೊರಳಿದ್ದು ಎಡಕ್ಕೆ. 1929ರ ಅಂತರರಾಷ್ಟ್ರೀಯ ಒಪ್ಪಂದದ ನಂತರ, 1930ರ ದಶಕದಲ್ಲಿ, ಆಜ್ಞೆಯ ಪದವೂ ಹಡಗು ತಿರುಗುವ ದಿಕ್ಕೂ ಒಂದಾದವು.

ಕನ್ನಡದ ‘ಚುಕ್ಕಾಣಿ’ ಪದವೂ ಈ ಸಂದರ್ಭದಲ್ಲಿ ಗಮನಾರ್ಹ. ‘ಸ್ಟಾರ್’ ಇದ್ದಲ್ಲಿ ನಕ್ಷತ್ರವನ್ನು ಕಾಣುವಂತೆ, ಇಲ್ಲಿ ‘ಚುಕ್ಕಿ’ಯನ್ನು ಕಾಣುವ ಆಸೆ ಹುಟ್ಟಬಹುದು. ಆದರೆ ಇದರ ಮೂಲ ಚುಕ್ಕಾಣಿ ಎಂಬರ್ಥದ ಅರಬ್ಬೀ ಪದ ‘ಸುಕ್ಕಾನ್’. ಅದೇ ಮೂಲದಿಂದ ಬಂದ, ಚುಕ್ಕಾಣಿಗ ಎಂಬರ್ಥದ ‘ಸುಕ್ಕಾನಿ’ ಭಾರತದ ಇಂಗ್ಲಿಷರ ಬಾಯಲ್ಲಿ ‘ಸೀಕನಿ’ ಆಯಿತು. ಕಡಲನ್ನು ಹೇಳುವ ‘ಸೀ’ ಅದರೊಳಗೆ ಸೇರಿಕೊಂಡಿತು. ಅಪರಿಚಿತ ಪದವನ್ನು ಪರಿಚಿತ ಪದದ ಅಚ್ಚಿಗೆ ಹಾಕಿಕೊಳ್ಳುವುದು ಎಲ್ಲ ಭಾಷಿಕರ ಸ್ವಭಾವ.

ಒಟ್ಟಿನಲ್ಲಿ, ಪದದ ನಿಷ್ಪತ್ತಿಗೆ ಇಂದಿನ ರೂಪವೊಂದೇ ಆಧಾರವಾಗಲಾರದು. ಹಳೆಯ ಪ್ರಯೋಗ, ಸಗೋತ್ರ ಭಾಷೆಗಳ ರೂಪ ಮತ್ತು ಪದ ಹೆಸರಿಸಿದ ವಸ್ತು ಈ ಮೂರೂ ಒಂದನ್ನೊಂದು ಸಮರ್ಥಿಸಬೇಕು. ಗೋಕ್‌ಸ್ಟಾಡ್‌ನ ಬಲಬದಿಯ ಚುಕ್ಕಾಣಿ ಆ ದೃಷ್ಟಿಯಿಂದ ನಿಘಂಟಿನಷ್ಟೇ ಮಹತ್ವದ ಆಕರ.