ಜಡಾನಿಲಗಳ ಜೋಡಿ

ಸಂಗವನ್ನು ಬಯಸದ ಮನುಷ್ಯರಿರುವಂತೆ ಸಂಗವನ್ನು ಬಯಸದ ಮೂಲವಸ್ತುಗಳೂ ಉಂಟು. ಹೀಲಿಯಂ, ನಿಯಾನ್, ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್ ಎಂಬ ಅನಿಲಗಳು ಅಂಥವು. ಜಲಜನಕದ ಎರಡು ಪರಮಾಣುಗಳು ಕೂಡಿ ಒಂದು ಅಣುವಾಗುವುವು. ಈ ಅನಿಲಗಳ ಪರಮಾಣುಗಳಾದರೋ ಒಂದನ್ನೊಂದು ತಾಗಿ ಹಿಂದೆ ಸರಿಯುವುವು. ಆದುದರಿಂದಲೇ ಇವುಗಳಿಗೆ ಜಡಾನಿಲಗಳೆಂದು ಹೆಸರು. ಈ ಹೆಸರು ಎಷ್ಟರಮಟ್ಟಿಗೆ ಸಲ್ಲುವುದೆಂಬುದನ್ನು ನಾವು ಈಗ ವಿಚಾರಮಾಡೋಣ.

ಇವುಗಳಲ್ಲಿ ಹೀಲಿಯಮಿನ ಪರಿಚಯ ಲೋಕಕ್ಕಾದದ್ದು ಬೆಳಕಿನ ಮೂಲಕ. ಆ ಕಥೆಯಲ್ಲಿ ಕನ್ನಡನಾಡಿಗೂ ಪಾಲುಂಟು. 1868ನೆಯ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದಂದು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬವರು ಜಮಖಂಡಿಯಲ್ಲಿ ನಿಂತು, ಸೂರ್ಯನ ಅಂಚಿನ ಜ್ವಾಲೆಯನ್ನು ರೋಹಿತದರ್ಶಕದಿಂದ ನೋಡಿ, ಕೆಂಪು, ಕಿತ್ತಳೆ, ನೀಲಿ ಎಂಬ ಮೂರು ಗೆರೆಗಳನ್ನು ಕಂಡರು. ನಡುವಣ ಗೆರೆ ಸೋಡಿಯಮಿನದಲ್ಲವೆಂದು ಅದೇ ವರ್ಷ ಇಂಗ್ಲೆಂಡಿನ ಲಾಕ್ಯರ್ ತೋರಿಸಿದರು. ಅದು ಹೀಲಿಯಮಿನ ಗೆರೆ. ಆ ಅನಿಲವನ್ನು 1895ರಲ್ಲಿ ರಾಮ್ಸೆಯವರು ಭೂಮಿಯ ಖನಿಜವೊಂದರಿಂದಲೇ ಪಡೆದರು.

ಒಂಟಿ ಪರಮಾಣುವಿನ ರೋಹಿತದಲ್ಲಿ ಬಿಡಿಬಿಡಿಯಾದ ಗೆರೆಗಳಿರುತ್ತವೆ. ಅಣುವಿನ ರೋಹಿತ ಹಾಗಲ್ಲ. ಅಣು ತಿರುಗುವುದು, ಕಂಪಿಸುವುದು. ಆದುದರಿಂದ ಅದರ ಗೆರೆಗಳು ಒತ್ತೊತ್ತಾಗಿ ಸೇರಿ ಪಟ್ಟಿಗಳಾಗಿ ತೋರುವುವು. 1913ರಲ್ಲಿ ಕರ್ಟಿಸ್ ಮತ್ತು ಗೋಲ್ಡ್‌ಸ್ಟೈನ್ ಎಂಬಿಬ್ಬರು, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ವಿದ್ಯುತ್ತು ಹಾಯುವ ಹೀಲಿಯಮಿನಲ್ಲಿ ಇಂಥ ಪಟ್ಟಿಗಳನ್ನು ಕಂಡರು. ಕೂಡದ ಪರಮಾಣುಗಳು ಕೂಡಿದ್ದುವು!

ಇದು ಹೇಗೆ ಸಾಧ್ಯ? ಎರಡು ಹೀಲಿಯಂ ಪರಮಾಣುಗಳಲ್ಲಿ ಒಟ್ಟು ನಾಲ್ಕು ಎಲೆಕ್ಟ್ರಾನುಗಳು. ಅವು ಹತ್ತಿರ ಬಂದಾಗ ಎರಡು ಎಲೆಕ್ಟ್ರಾನುಗಳು ಪರಮಾಣುಗಳನ್ನು ಬೆಸೆಯುವ ಸ್ಥಾನದಲ್ಲಿಯೂ, ಉಳಿದೆರಡು ಬಿಡಿಸುವ ಸ್ಥಾನದಲ್ಲಿಯೂ ನೆಲೆಸುವುವು. ಎರಡು ಎತ್ತುಗಳು ಮುಂದಕ್ಕೆಳೆದು ಎರಡು ಹಿಂದಕ್ಕೆಳೆದರೆ ಬಂಡಿ ಸಾಗದಷ್ಟೆ. ಆದರೆ ವಿದ್ಯುತ್ತಿನ ಹೊಡೆತಕ್ಕೆ, ಬಿಡಿಸುವ ಎಲೆಕ್ಟ್ರಾನುಗಳಲ್ಲೊಂದು ದೂರದ ಕಕ್ಷೆಗೆ ಹಾರಿತೆನ್ನೋಣ. ಆಗ ಬೆಸೆಯುವುವು ಎರಡು, ಬಿಡಿಸುವುದು ಒಂದು. ಬಂಧ ಗಟ್ಟಿಯಾಗುವುದು, ಪರಮಾಣುಗಳ ನಡುವಣ ದೂರ ಸುಮಾರು ಒಂದು ಆಂಗ್‌ಸ್ಟ್ರಾಮಿಗೆ, ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಭಾಗಕ್ಕೆ, ಇಳಿಯುವುದು.

ಈ ಅಣುವಿನ ಆಯುಸ್ಸು ಅದು ಪಡೆದ ಶಕ್ತಿಯನ್ನು ಅವಲಂಬಿಸಿದೆ. ಶಕ್ತಿಯನ್ನು ಬೆಳಕಾಗಿ ಹೊರಚೆಲ್ಲಿದೊಡನೆ ಬಂಧವೂ ಹರಿದು ಪರಮಾಣುಗಳು ಅಗಲುವುವು. ಅಗಲುವಾಗ ಉಳಿಯುವ ಶಕ್ತಿಗೆ ಗೊತ್ತಾದ ಮೆಟ್ಟಲುಗಳಿಲ್ಲದ ಕಾರಣ ಆ ಬೆಳಕು ಗೆರೆಗಳಾಗಿ ಒಡೆಯದೆ ಅಖಂಡವಾಗಿ ಹರಡುವುದು. ಆರ್ಗಾನಿನಲ್ಲಿ ಅದರ ತರಂಗದೈರ್ಘ್ಯ ಸುಮಾರು 126 ನ್ಯಾನೋಮೀಟರ್, ಕ್ರಿಪ್ಟಾನಿನಲ್ಲಿ 146, ಕ್ಸೆನಾನಿನಲ್ಲಿ 172. ಇವೆಲ್ಲವೂ ಕಣ್ಣಿಗೆ ಕಾಣದ ಅತಿನೇರಳೆಯ ಕಿರಣಗಳು. ಬೆಳಕು ಹೊರಟಮೇಲೆ ಅದನ್ನು ಮರಳಿ ಹೀರಲು ಜೋಡಿಯೇ ಉಳಿದಿರದು. ಆದುದರಿಂದ ಅನಿಲವು ತನ್ನ ಬೆಳಕಿಗೆ ತಾನೇ ಪಾರದರ್ಶಕ. ಈ ಗುಣವನ್ನು ಬಳಸಿಯೇ ಮಾಸ್ಕೋದ ಬಾಸೋವ್ ಮತ್ತು ಸಂಗಡಿಗರು 1970ರಲ್ಲಿ ದ್ರವ ಕ್ಸೆನಾನಿನಿಂದ ಲೇಸರ್ ಕಿರಣವನ್ನು ಪಡೆದರು. ವಿಶ್ವದ ಅದೃಶ್ಯ ದ್ರವ್ಯವನ್ನು ಅರಸುವ ಭೂಗರ್ಭದ ಪ್ರಯೋಗಶಾಲೆಗಳಲ್ಲಿಯೂ ದ್ರವ ಕ್ಸೆನಾನಿನ ತೊಟ್ಟಿಗಳಿವೆ. ಕಣವೊಂದು ತಾಗಿದರೆ ಹೊಮ್ಮಬೇಕಾದ ಮಿಂಚು ಇಂಥ ಜೋಡಿಗಳದೇ.

ಹಾಗಾದರೆ ಹೊಡೆತವಿಲ್ಲದೆ ಇವು ಕೂಡುವುದೇ ಇಲ್ಲವೆ? ಕೂಡುವುವು, ಆದರೆ ಬಹಳ ಸಡಿಲವಾಗಿ. ಎಲೆಕ್ಟ್ರಾನುಗಳ ಕ್ಷಣಕ್ಷಣದ ಓಲಾಟದಿಂದ ಪರಮಾಣುಗಳ ನಡುವೆ ಹುಟ್ಟುವ ಅಲ್ಪ ಆಕರ್ಷಣೆಯೇ ಇದಕ್ಕೆ ಕಾರಣ. 1970ರಲ್ಲಿ ತನಾಕ ಮತ್ತು ಯೋಶಿನೋ ಎಂಬವರು ತಣ್ಣನೆಯ ಆರ್ಗಾನ್ ಹೀರಿದ ಬೆಳಕಿನ ಪಟ್ಟಿಗಳಿಂದ ಅಂಥ ಜೋಡಿಯನ್ನು ಅಳೆದರು. ಅದರ ಪರಮಾಣುಗಳ ನಡುವೆ ಸುಮಾರು 3.8 ಆಂಗ್‌ಸ್ಟ್ರಾಮ್ ದೂರ. ಹೀಲಿಯಮಿನ ಸಡಿಲ ಜೋಡಿ 1993 ಮತ್ತು 1994ರ ಪ್ರಯೋಗಗಳವರೆಗೆ ಸಿಕ್ಕಿರಲಿಲ್ಲ. ಅದರಲ್ಲಿ ಸರಾಸರಿ ದೂರ ಸುಮಾರು 50 ಆಂಗ್‌ಸ್ಟ್ರಾಮ್! ಸಾಗರದ ಕಡೆಯಿಂದ ತುಮರಿಗೆ ನೇರವಾಗಿ ಹೋಗಬೇಕಾದವರು, 2025ರಲ್ಲಿ ಸೇತುವೆ ತೆರೆಯುವವರೆಗೆ, ಶರಾವತಿಯ ಹಿನ್ನೀರನ್ನು ಲಾಂಚಿನಲ್ಲಿ ದಾಟುತ್ತಿದ್ದರು. ನಡುವೆ ಅಷ್ಟು ನೀರಿದ್ದರೂ ಎರಡು ದಡದವರೂ ಒಂದೇ ತಾಲ್ಲೂಕಿನವರು. ಹೀಲಿಯಮಿನ ಜೋಡಿಯದೂ ಇಂಥ ದೂರದ ನಂಟು. ಸ್ವಲ್ಪ ಶಾಖ ತಗಲಿದರೂ ಕಡಿದುಹೋಗುವ ನಂಟು.

ಹೀಗೆ ನೋಡಿದರೆ ಜಡತ್ವವು ಈ ಪರಮಾಣುಗಳ ಬದಲಾಗದ ಸ್ವಭಾವವಲ್ಲ. ಅವುಗಳ ಎಲೆಕ್ಟ್ರಾನುಗಳು ನೆಲೆಸಿರುವ ಒಂದು ಸ್ಥಿತಿಯ ಫಲ. ಸ್ಥಿತಿ ಬದಲಾದರೆ ಗುಣವೂ ಬದಲಾಗುವುದು. ಇದನ್ನು ನಮಗೆ ತಿಳಿಸಿಕೊಟ್ಟದ್ದು ರೋಹಿತದ ಮಸುಕಾದ ಪಟ್ಟಿಗಳು.