ಕುದುರೆ ಡಿ3ರಲ್ಲಿ ಕೂತಾಗ

ಕಳೆದ ಸೆಮಿಸ್ಟರ್‌ನ ಅಂತರ ಕಾಲೇಜು ಚೆಸ್‌ನಲ್ಲಿ ನಮ್ಮ ತಂಡ ಅರ್ಧ ಪಾಯಿಂಟ್‌ನಿಂದ ಹೊರಬಿತ್ತು. ಆ ಅರ್ಧ ಪಾಯಿಂಟ್ ಕಳೆದದ್ದು ನಾನೇ. ನಾಲ್ಕನೇ ಬೋರ್ಡು, ಬಿಳಿ ಕಾಯಿ. ಎದುರಾಳಿಯ ರಾಜ ಇನ್ನೂ ಇ8ರಲ್ಲೇ ನಿಂತಿದ್ದ, ಕ್ಯಾಸಲಿಂಗ್ ಆಗಿರಲಿಲ್ಲ. ನನ್ನ ಕಾಯಿಗಳೆಲ್ಲ ಹೊರಗೆ ಬಂದಿದ್ದವು. ಅಷ್ಟರಲ್ಲಿ ಬಿ7ರಲ್ಲಿ ಒಂದು ಪದಾತಿ ಬಿಟ್ಟಿ ಕಾಣಿಸ್ತು. ಮಂತ್ರಿಯಿಂದ ತಿಂದೆ. ಮಂತ್ರಿ ಅಲ್ಲಿಂದ ವಾಪಸ್ ಬರೋಕೆ ಮೂರು ನಡೆ ಬೇಕಾಯ್ತು. ಆ ಮೂರು ನಡೆಯಲ್ಲಿ ಅವನು ಕ್ಯಾಸಲ್ ಮಾಡಿದ, ಆನೆಗಳನ್ನು ಜೋಡಿಸಿಕೊಂಡ, ನೀರು ಕುಡಿದ. ಆಮೇಲೆ ಐವತ್ತು ನಡೆ ಆಡಿದರೂ ಆಟ ಡ್ರಾ. ತಿಂದ ಪದಾತಿ ಕೊನೆಯವರೆಗೂ ನನ್ನ ಹತ್ತಿರವೇ ಇತ್ತು, ಗೆಲುವು ಮಾತ್ರ ಇರಲಿಲ್ಲ.

ನಾನು ಕಳೆದುಕೊಂಡ ವಸ್ತುವಿಗೆ ಚೆಸ್‌ನಲ್ಲಿ ಇನಿಷಿಯೇಟಿವ್ ಅಂತಾರೆ. ಇದಕ್ಕೆ ನಿಘಂಟಿನಲ್ಲಿ ‘ಉಪಕ್ರಮ’ ಅಂತ ಇದೆ, ಆದರೆ ಹಾಸ್ಟೆಲ್ ಕಾರಿಡಾರ್‌ನಲ್ಲಿ ಯಾರೂ ಹಾಗನ್ನಲ್ಲ. ಲ್ಯಾಬ್ ವೈವಾ ನೆನಪಿಸಿಕೊಳ್ಳಿ. ಎಕ್ಸ್‌ಟರ್ನಲ್ ಪ್ರಶ್ನೆ ಕೇಳ್ತಾರೆ, ನಾವು ಉತ್ತರ ಹುಡುಕ್ತೀವಿ. ಒಂದಕ್ಕೆ ಹೇಗೋ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಇನ್ನೊಂದು ಬಂದಿರುತ್ತೆ. ನಮಗೆ ಗೊತ್ತಿರೋದನ್ನು ಹೇಳೋಕೆ ಅವಕಾಶವೇ ಸಿಗಲ್ಲ. ಬೋರ್ಡಿನ ಮೇಲೆ ಆ ಎಕ್ಸ್‌ಟರ್ನಲ್ ಯಾರೋ, ಇನಿಷಿಯೇಟಿವ್ ಅವರದ್ದು. ಪದಾತಿಯ ಲಾಭ ಬ್ಯಾಂಕಿನಲ್ಲಿಟ್ಟ ದುಡ್ಡಿನ ಹಾಗೆ, ನಾಳೆಯೂ ಇರುತ್ತೆ. ಇನಿಷಿಯೇಟಿವ್ ಕಾವಲಿ ಮೇಲಿನ ದೋಸೆ. ಎರಡು ನಡೆ ಸುಮ್ಮನೆ ಆಡಿದರೆ ಆರಿಹೋಗುತ್ತೆ.

ಹಾಗಂತ ಇನಿಷಿಯೇಟಿವ್ ಅಂದರೆ ಚೆಕ್ ಮೇಲೆ ಚೆಕ್ ಕೊಡೋದು ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಆ ಭ್ರಮೆ ಬಿಡಿಸಿದ್ದು ಒಂದು ಹಳೇ ಆಟ. 1985, ಮಾಸ್ಕೋ, ವಿಶ್ವ ಚಾಂಪಿಯನ್‌ಶಿಪ್ಪಿನ 16ನೇ ಆಟ. ಬಿಳಿ ಚಾಂಪಿಯನ್ ಅನತೋಲಿ ಕಾರ್ಪೋವ್, ಕಪ್ಪು 22 ವರ್ಷದ ಗ್ಯಾರಿ ಕಾಸ್ಪರೋವ್. ಅಲ್ಲಿಯವರೆಗೆ ಸ್ಕೋರ್ 7.5–7.5, ಸಮ ಸಮ. ಯಾವ ಡೇಟಾಬೇಸಿನಲ್ಲಾದರೂ ಸಿಗುತ್ತೆ, ಫೋನಿನಲ್ಲಿ ತೆರೆದಿಟ್ಟುಕೊಂಡು ಓದಿ. (ನಾನು ರೂಕ್‌ಗೆ ಆನೆ, ಬಿಷಪ್‌ಗೆ ಒಂಟೆ, ಕ್ವೀನ್‌ಗೆ ಮಂತ್ರಿ ಅಂತೀನಿ. ನಿಮ್ಮ ಮನೇಲಿ ಆನೆ ಒಂಟೆ ಅದಲು ಬದಲಾಗಿದ್ದರೆ ಜಗಳ ಬೇಡ.)

ಸಿಸಿಲಿಯನ್ ಓಪನಿಂಗ್. 8ನೇ ನಡೆಯಲ್ಲಿ ಕಾಸ್ಪರೋವ್ ಡಿ5ಗೆ ಪದಾತಿ ತಳ್ಳಿ, ಅದನ್ನು ಬಿಟ್ಟೇಕೊಟ್ಟ. 10ನೇ ನಡೆ ಮುಗಿದಾಗ ಕಾರ್ಪೋವ್‌ಗೆ ಒಂದು ಪದಾತಿ ಲಾಭ. ಬದಲಿಗೆ ಕಾಸ್ಪರೋವ್‌ಗೆ ಸಿಕ್ಕಿದ್ದು ಸಮಯ: ಎರಡು ಒಂಟೆ ಸಿ5 ಮತ್ತು ಎಫ್5ಕ್ಕೆ ಬಂದವು, ಆನೆ ಇ8ಕ್ಕೆ ಬಂತು. ಕಾರ್ಪೋವ್‌ನ ಒಂದು ಕುದುರೆ ಎ3ರಲ್ಲಿ, ಅಂಗಳದ ಮೂಲೆಯಲ್ಲಿ ಕಟ್ಟಿಹಾಕಿದ ಹಾಗೆ. 16ನೇ ನಡೆಯಲ್ಲಿ ಕಪ್ಪು ಕುದುರೆ ಬಿ4ರಿಂದ ಡಿ3ಕ್ಕೆ ಹಾರಿ, ಬಿಳಿಯರ ಮನೆಯ ಹೊಸ್ತಿಲಲ್ಲಿ ಕೂತುಬಿಡ್ತು.

ಇಲ್ಲಿ ನಿಲ್ಲಿಸಿ ಬೋರ್ಡ್ ನೋಡಿ. ಆ ಕುದುರೆ ಏನನ್ನೂ ತಿನ್ನುವ ಆತುರದಲ್ಲಿಲ್ಲ. ಆದರೆ ಸಿ1 ಮತ್ತು ಇ1 ಅದರ ಹಿಡಿತದಲ್ಲಿವೆ. ಅಂದರೆ ಬಿಳಿಯ ಆನೆಗಳು ತೆರೆದ ಎರಡು ಸಾಲುಗಳಿಗೆ ಬರೋ ಹಾಗಿಲ್ಲ. ಬಿ2, ಎಫ್2ರ ಮೇಲೂ ಅದರ ಕಣ್ಣು. ಹಿಂದಿನಿಂದ ಎಫ್5ರ ಒಂಟೆ ಕಾವಲು ಕಾಯ್ತಾ ಇದೆ. ಡಿ ಸಾಲಿನಲ್ಲಿರುವ ಬಿಳಿ ಆನೆಯ ಮುಂದೆ ಅವರದ್ದೇ ಮಂತ್ರಿ, ಅದರ ಮುಂದೆ ಈ ಕುದುರೆ. ಇಂಥ ಒಂದು ಕಾಯಿ ಬಂದು ಕೂತರೆ ಎದುರಾಳಿಯ ಮೂರು ನಾಲ್ಕು ಕಾಯಿಗೆ ಕೆಲಸ ಹೋಗುತ್ತೆ.

ಹಿಡಿದದ್ದಾಯ್ತು. ಉಳಿಸಿಕೊಳ್ಳೋದು ಹೇಗೆ ಅನ್ನೋದೇ ನನಗೆ ಈ ಆಟದ ನಿಜವಾದ ಪಾಠ. ಕಾರ್ಪೋವ್ ಎ3ರ ಕುದುರೆಯನ್ನು ಬಿ1ಕ್ಕೆ ವಾಪಸ್ ತಂದ. ಕಾಸ್ಪರೋವ್ ಬಿ ಪದಾತಿಯನ್ನು ಬಿ4ಕ್ಕೆ ತಳ್ಳಿದ, ಸಿ3ರಲ್ಲಿದ್ದ ಇನ್ನೊಂದು ಕುದುರೆ ಎ4ಕ್ಕೆ ಓಡಬೇಕಾಯ್ತು. ಅದು ಸಿ5ರ ಒಂಟೆಗೆ ಕೈ ಹಾಕಿತ್ತು, ಒಂಟೆ ಡಿ6ಕ್ಕೆ ಸರಿಯಿತು. ಈಗ ಎಣಿಸಿ. ಎ4ರ ಕುದುರೆ ಸಿ3ಕ್ಕೆ ಹೋದರೆ ಬಿ4ರ ಪದಾತಿ ತಿನ್ನುತ್ತೆ, ಸಿ5ಕ್ಕೆ ಹೋದರೆ ಒಂಟೆ, ಬಿ6ಕ್ಕೆ ಹೋದರೆ ಮಂತ್ರಿ, ಬಿ2ರಲ್ಲಿ ಅವರದ್ದೇ ಪದಾತಿ. ಬಿ1ರ ಕುದುರೆಗೆ ಎ3, ಸಿ3 ಎರಡನ್ನೂ ಅದೇ ಬಿ4ರ ಪದಾತಿ ಮುಚ್ಚಿದೆ. ಡಿ2ರಲ್ಲಿ ಅವರದ್ದೇ ಮಂತ್ರಿ. ಒಂದು ಪುಟಾಣಿ ಪದಾತಿ, ಎರಡು ಕುದುರೆಗೂ ಬೀಗ! ಬೇರೆಯವರ ಕಾಯಿಗಳಿಗೆ ಉಸಿರು ಕಟ್ಟಿಸೋದರಲ್ಲೇ ಹೆಸರು ಮಾಡಿದ್ದ ಕಾರ್ಪೋವ್‌ಗೆ ಈ ಗತಿ ಬಂತು ಅನ್ನೋದು ನನಗೆ ಈಗಲೂ ವಿಚಿತ್ರ ಅನ್ನಿಸುತ್ತೆ.

ಕಾರ್ಪೋವ್ ಸುಮ್ಮನೆ ಕೂರುವವನಲ್ಲ. 21ನೇ ನಡೆಯಲ್ಲಿ ಬಿ ಪದಾತಿಯನ್ನು ಬಿ3ಕ್ಕೆ ತಳ್ಳಿ ಬಿ2 ಖಾಲಿ ಮಾಡಿದ. ಎ4ರ ಕುದುರೆ ಅಲ್ಲಿಗೆ ಬಂದು ಡಿ3ರ ಕುದುರೆಗೆ ಸವಾಲು ಹಾಕಿ ಅದಲು ಬದಲು ಮಾಡಿಕೊಂಡರೆ ಎಲ್ಲ ಸಲೀಸು. ಕಾಸ್ಪರೋವ್‌ನ ಉತ್ತರ ಬಂದಿದ್ದು ಬೋರ್ಡಿನ ಇನ್ನೊಂದು ತುದಿಯಲ್ಲಿ: ಜಿ ಪದಾತಿ ಜಿ5ಕ್ಕೆ. ನಾನು ಮೊದಲ ಸಲ ನೋಡಿದಾಗ ಇದಕ್ಕೂ ಬಿ2ಕ್ಕೂ ಏನು ಸಂಬಂಧ ಅಂತ ತಲೆ ಕೆರೆದುಕೊಂಡೆ. ಸಂಬಂಧ ಇದು: ಬಿಳಿ ಕುದುರೆ ಬಿ2ಕ್ಕೆ ಬಂದರೆ ಕಪ್ಪು ಕುದುರೆ ಅದನ್ನು ತಿನ್ನುತ್ತೆ, ಮಂತ್ರಿ ವಾಪಸ್ ತಿನ್ನುತ್ತೆ, ಆಗ ಜಿ4. ಎಫ್3ರ ಒಂಟೆ ಇ2ಕ್ಕೆ ಸರಿದರೆ ಕಪ್ಪು ಆನೆ ಸಿ8ರಿಂದ ಸಿ2ಕ್ಕೆ ನುಗ್ಗುತ್ತೆ. ಮಂತ್ರಿ ಜೀವ ಉಳಿಸಿಕೊಂಡರೆ ಇ2ರ ಒಂಟೆ ಹೋಯ್ತು. ಎದುರಾಳಿ ಬಿಡಿಸಿಕೊಳ್ಳೋಕೆ ಹೊರಟ ದಾರಿಯನ್ನು ಮೊದಲೇ ಓದಿ, ಆ ದಾರಿಯ ಕೊನೆಯಲ್ಲಿ ಗುಂಡಿ ತೋಡಿಟ್ಟ ಹಾಗೆ.

ಒಂಟೆಗಳು ಅದಲು ಬದಲಾದ ಮೇಲೆ ಬಿ2ರ ಬೆದರಿಕೆ ಮತ್ತೆ ಬಂತು. ಕಾಸ್ಪರೋವ್ ಎಫ್6ರ ಕುದುರೆಯನ್ನು ಡಿ7ಕ್ಕೆ ತಂದ. ನೋಡೋಕೆ ಹಿಂದಕ್ಕೆ ಹೋದ ಹಾಗೆ. ಆದರೆ ಈಗ ಬಿ2ಕ್ಕೆ ಬಂದರೆ ಕಪ್ಪು ಮಂತ್ರಿ ಎಫ್6ಕ್ಕೆ ಬರುತ್ತೆ. ಡಿ3ರಲ್ಲಿ ಒಂದಾದ ಮೇಲೊಂದು ತಿಂದು ಬಿಳಿ ಮಂತ್ರಿ ಅಲ್ಲಿ ನಿಂತ ಕೂಡಲೇ ಡಿ7ರ ಕುದುರೆ ಇ5ಕ್ಕೆ ಹಾರಿ ಮಂತ್ರಿಗೂ ಎಫ್3ರ ಒಂಟೆಗೂ ಒಟ್ಟಿಗೆ ಗಾಳ ಹಾಕುತ್ತೆ. ಕಾರ್ಪೋವ್ ಇದನ್ನು ಕಂಡು ಒಂಟೆಯನ್ನು ಜಿ2ಕ್ಕೆ ಸರಿಸಿದ. ಮುಂದಿನ ಕೆಲವು ನಡೆ ಬೇಗ ದಾಟಿಬಿಡಿ.

28ನೇ ನಡೆಗೆ ಬನ್ನಿ. ನನ್ನ ಬಿ7 ನೆನಪಾಗಿ ಹೊಟ್ಟೆ ಉರಿಯೋದು ಇಲ್ಲೇ. ಕಾರ್ಪೋವ್ ತನ್ನ ಲಾಭದ ಪದಾತಿಯನ್ನು ಡಿ6ಕ್ಕೆ ತಳ್ಳಿ ವಾಪಸ್ ಕೊಟ್ಟ. ತಗೋ, ನಿನ್ನ ಸಾಲ ತೀರಿತು ಅನ್ನೋ ಹಾಗೆ. ಕಪ್ಪು ಮಂತ್ರಿ ಎಫ್6ರಲ್ಲಿದೆ, ಒಂದೇ ನಡೆಯಲ್ಲಿ ತಿನ್ನಬಹುದು. ಕಾಸ್ಪರೋವ್ ತಿನ್ನಲಿಲ್ಲ. ಯಾಕೆಂದರೆ ಹಿಂದಿನ ನಡೆಯಲ್ಲಷ್ಟೇ ಬಿಳಿ ಮಂತ್ರಿ ಎ2ಕ್ಕೆ ಹೋಗಿತ್ತು, ಡಿ2 ಖಾಲಿಯಾಗಿತ್ತು. ಪದಾತಿ ತಿನ್ನುವ ಆ ಒಂದು ನಡೆಯ ಬಿಡುವಿನಲ್ಲಿ ಬಿ1ರ ಕುದುರೆ ಡಿ2ಕ್ಕೆ ಬಂದು ಉಸಿರಾಡಲು ಶುರು ಮಾಡುತ್ತೆ. ಅವನು ಆಡಿದ್ದು ಜಿ4. ಎಫ್3 ಚೌಕವನ್ನೂ ಮುಚ್ಚಿದ. ಕಾರ್ಪೋವ್‌ನ ಮಂತ್ರಿ ಮತ್ತೆ ಡಿ2ಕ್ಕೇ ವಾಪಸ್. ಕುದುರೆ ಮತ್ತೆ ಒಳಗೇ. 29ನೇ ನಡೆಯಲ್ಲೂ ತಿನ್ನದೆ ರಾಜನನ್ನು ಜಿ7ಕ್ಕೆ ಸರಿಸಿದ. ಪದಾತಿ ತಿಂದದ್ದು 30ನೇ ನಡೆಯಲ್ಲಿ, ಅದನ್ನು ಕೊಟ್ಟು ಇಪ್ಪತ್ತು ನಡೆ ಆದ ಮೇಲೆ.

ಇಡೀ ಆಟದ ಮೊದಲ ಚೆಕ್ ಬಂದಿದ್ದು ಯಾವಾಗ ಗೊತ್ತಾ? 31ನೇ ನಡೆಯಲ್ಲಿ, ಮಂತ್ರಿ ಡಿ4ಕ್ಕೆ ಬಂದಾಗ. ಆಮೇಲೆ ಎಲ್ಲ ದಡದಡ ಬಿತ್ತು. 34ನೇ ನಡೆಯಲ್ಲಿ ಕಾರ್ಪೋವ್ ಕೊನೆಗೂ ಡಿ3ರ ಕುದುರೆಯನ್ನು ಮಂತ್ರಿಯಿಂದ ತಿಂದ. ಇನ್ನೊಂದು ಕುದುರೆ ಇ4ರಿಂದ ಎಫ್2ಕ್ಕೆ ಹಾರಿ ಚೆಕ್ ಕೊಟ್ಟಿತು, ಅದು ಸರಿದ ದಾರಿಯಲ್ಲಿ ಜಿ6ರ ಒಂಟೆ ಮಂತ್ರಿಯನ್ನೇ ನುಂಗಿತು. ಎ4ರ ಬಿಳಿ ಕುದುರೆ ಕದಲಿದ್ದು 38ನೇ ನಡೆಯಲ್ಲಿ, ಬಿ1ರದ್ದು 39ನೇ ನಡೆಯಲ್ಲಿ. 40ನೇ ನಡೆಗೆ ಆಟವೇ ಮುಗಿದಿತ್ತು. ಆ ನವೆಂಬರ್‌ನಲ್ಲಿ ಕಾಸ್ಪರೋವ್ 13–11ರಿಂದ ಗೆದ್ದು ಚಾಂಪಿಯನ್ ಆದ.

ಒಂದು ವಿಷಯ ಮುಚ್ಚಿಡಬಾರದು. ಆ ಡಿ5ರ ಬಲಿದಾನ ಪೂರ್ತಿ ಸರಿಯಿರಲಿಲ್ಲ. 1986ರಲ್ಲಿ ಬ್ರಸೆಲ್ಸ್‌ನಲ್ಲಿ ಡಚ್ ಆಟಗಾರ ಜಾನ್ ವಾನ್ ಡರ್ ವೀಲ್ ಅದನ್ನೇ ಆಡಿದಾಗ, ಕಾರ್ಪೋವ್ 12ನೇ ನಡೆಯಲ್ಲಿ ಕ್ಯಾಸಲ್ ಮಾಡದೆ ಒಂಟೆಯನ್ನು ನೇರ ಇ3ಕ್ಕೆ ತಂದು ಸಿ5ರ ಒಂಟೆಗೆ ಮುಖಾಮುಖಿ ನಿಲ್ಲಿಸಿದ. ಪ್ರಶ್ನೆ ಕೇಳುವ ಸರದಿ ಅಲ್ಲಿಗೆ ಬಿಳಿಯ ಕಡೆಗೆ ಬಂತು. ಹಾಗಾಗಿ ಈ ಗ್ಯಾಂಬಿಟ್ ಕಲಿತು ಮುಂದಿನ ಟೂರ್ನಿಯಲ್ಲಿ ಆಡ್ತೀನಿ ಅಂತ ಹೊರಡಬೇಡಿ. 16ರಿಂದ 30ರವರೆಗಿನ ನಡೆಗಳನ್ನು, ಕಪ್ಪಿನ ನಡೆ ಮುಚ್ಚಿಟ್ಟು ಊಹಿಸುತ್ತಾ ಹೋಗಿ. ಪ್ರತಿ ಸಲ ‘ಇವನಿಗೆ ಈಗ ಯಾವ ಕಾಯಿ ಬಿಡಿಸಿಕೊಳ್ಳಬೇಕಿದೆ’ ಅಂತ ಕೇಳಿಕೊಳ್ಳಿ. ನನಗೆ ಮೊದಲ ಸಲ ಹದಿನೈದರಲ್ಲಿ ನಾಲ್ಕು ಸರಿ ಬಂದವು. ಜಿ5, ಜಿ4 ಎರಡೂ ತಪ್ಪಿದವು.

ಹೀಗೆ ಕೇಳಿಕೊಳ್ಳೋ ಅಭ್ಯಾಸ ಆದ ಮೇಲೆ ಒಂದು ರಾತ್ರಿ ರೂಮ್‌ಮೇಟ್ ಜೊತೆ ನನ್ನ ಡ್ರಾ ಆಟವನ್ನು ಮತ್ತೆ ಜೋಡಿಸಿದೆ. ಬಿ7 ತಿನ್ನುವ ಮೊದಲಿನ ಸ್ಥಿತಿ. ಅವನಿಗೆ ಬೇಕಿದ್ದದ್ದು ಒಂದೇ, ಕ್ಯಾಸಲಿಂಗ್. ಇ ಸಾಲು ತೆರೆದಿತ್ತು. ಅವನ ಮಂತ್ರಿ ಎ5ರಲ್ಲಿ ಅಲೆಯುತ್ತಿತ್ತು, ಇ7ರ ಒಂಟೆಗೆ ಕಾವಲಿದ್ದದ್ದು ರಾಜ ಒಬ್ಬನೇ. ನನ್ನ ಆನೆ ಎಫ್1ರಲ್ಲಿ ಸುಮ್ಮನೆ ಕೂತಿತ್ತು. ಅದನ್ನು ಒಂದು ಚೌಕ ಎಡಕ್ಕೆ, ಇ1ಕ್ಕೆ ಸರಿಸಿದ್ದರೆ ಸಾಕಿತ್ತು: ರಾಜ ಪಕ್ಕಕ್ಕೆ ಹೋದ ಕೂಡಲೇ ಒಂಟೆ ನನ್ನದು. ಬಿ7ರ ಪದಾತಿ ಎಲ್ಲಿಗೂ ಓಡಿಹೋಗ್ತಿರಲಿಲ್ಲ. ರೂಮ್‌ಮೇಟ್ ಬೋರ್ಡ್ ನೋಡಿ, ನನ್ನ ಮುಖ ನೋಡಿ, ಲೈಟ್ ಆರಿಸಿ ಮಲಗಿದ.